ಲೇಸರಿನ ವಿರುದ್ಧ ರಾಯರ ವಾದಗಳು

ಪುಣೆಯ ಹಡಪಸರದಲ್ಲಿ ಬಸ್ಸು ಹತ್ತುವ ಮುಂಚೆ ಒಂದು ಸಲ, ಹತ್ತಿ ಕೂತು ಬಸ್ಸು ಇನ್ನೂ ಹೊರಡುವುದಿಲ್ಲವೆಂದು ಗೊತ್ತಾದ ಮೇಲೆ ಇಳಿದು ಶೌಚಾಲಯಕ್ಕೆ ಹೋಗಿ ಇನ್ನೊಂದು ಸಲ ಮುಗಿಸಿಕೊಂಡು ಬಂದರೂ, ಬಿಂದುಮಾಧವರಾಯರಿಗೆ ತಾವು ಮುಗಿಸಿದ್ದೇವೆ ಎಂಬ ನಂಬಿಕೆ ಬರಲಿಲ್ಲ. ಮುಗಿಯಿತು ಎನ್ನುವ ಸಂಗತಿಯೇ ಅವರ ಬಾಳಿನಿಂದ ಎದ್ದುಹೋಗಿ ಎರಡು ವರ್ಷವಾಗಿತ್ತು. ಬಾಗಿಲ ಪಕ್ಕದ ಸೀಟು ಹಿಡಿದಿದ್ದರು. ಬೇಕಾದರೆ ಕಂಡಕ್ಟರನಿಗೆ ಹೇಳಿ ಥಟ್ಟನೆ ಇಳಿಯಬಹುದು ಎಂಬ ಧೈರ್ಯಕ್ಕೆ. ದಾರಿಯಲ್ಲಿ ಬರುವ ಘಾಟಿನ ಏರಿನ ನಡುವೆ ಎಲ್ಲಿ ಇಳಿಯುವುದು, ಇಳಿದು ಎಲ್ಲಿ ನಿಲ್ಲುವುದು ಎಂಬುದನ್ನು ಯೋಚಿಸಿರಲಿಲ್ಲ. ಮನೆಯಲ್ಲಿ ಹೆಂಡತಿಗೆ ತಳೇಗಾಂವಕ್ಕೆ ಹೋಗಿಬರುತ್ತೇನೆ, ಕಾರಖಾನೆಯ ಹಳೆಯ ಗೆಳೆಯನ ಮನೆಯಲ್ಲಿ ವಾಸ್ತುಶಾಂತಿ ಇದೆ ಎಂದಿದ್ದರು. ತಳೇಗಾಂವ ಪುಣೆಯ ಒಂದು ತುದಿ, ಅವರು ಹೊರಟಿದ್ದ ಸಾಸವಡ ಇನ್ನೊಂದು ತುದಿ. ಸುಳ್ಳು ಹೇಳುವವನು ದಿಕ್ಕನ್ನಾದರೂ ನಿಜವಾದದ್ದು ಇಟ್ಟುಕೊಳ್ಳಬಹುದಿತ್ತು ಎಂದು ಈಗ ಅನ್ನಿಸಿತು. ನರ್ಮದಾಬಾಯಿ ಸುಳ್ಳನ್ನು ಪೂರ್ತಿ ಕೇಳಿಸಿಕೊಂಡು, ನೆಗಡಿಯ ಗುಳಿಗೆಯನ್ನೂ ನೀರನ್ನೂ ಕೈಗೆ ಕೊಟ್ಟು, ಚೀಲದಿಂದ ಇಣುಕುತ್ತಿದ್ದ ಸೋನೋಗ್ರಾಫಿಯ ದೊಡ್ಡ ಲಕೋಟೆಯನ್ನು ಒಳಗೆ ತಳ್ಳಿ, "ವಾಸ್ತುಶಾಂತಿಗೆ ಇದನ್ನೂ ಒಯ್ಯಬೇಕೇನ್ರಿ?" ಎಂದು ಮಾತ್ರ ಕೇಳಿದ್ದರು. ರಾಯರು ಚಪ್ಪಲಿ ಹುಡುಕುವ ನೆವದಲ್ಲಿ ಬಗ್ಗಿದ್ದರು.

ಸಾಸವಡದಲ್ಲಿ ಡಾಕ್ಟರ್ ಕೃಷ್ಣಾಜಿ ಜಗತಾಪರೆಂಬ ಹಳೆಯ ಸರ್ಜನ್ ಇದ್ದರು. ಪ್ರೊಸ್ಟೇಟ್ ದೊಡ್ಡದಾದವರಿಗೆ ಹಳೆಯ ರೀತಿಯಲ್ಲಿ, ಎಂದರೆ ದುರ್ಬೀನಿನ ಸಂಗಡ ಒಳಗೆ ಹೋಗುವ ಬಿಸಿ ತಂತಿಯ ಕುಣಿಕೆಯಿಂದ ಬೆಳೆದ ಮಾಂಸವನ್ನು ಚೂರುಚೂರಾಗಿ ಕೆತ್ತಿ ತೆಗೆಯುವುದರಲ್ಲಿ, ಅವರದು ದೊಡ್ಡ ಹೆಸರು. ಪುಣೆಯಲ್ಲಿ ಅಂಥವರು ಇಲ್ಲವೆಂದಲ್ಲ. ಆದರೆ ಪುಣೆಯ ಯಾವ ಆಸ್ಪತ್ರೆಗೆ ಹೋಗಿ ಕೂತರೂ ಪಕ್ಕದ ಕುರ್ಚಿಯಲ್ಲಿ ಧಾರವಾಡದವರೊಬ್ಬರು ಇದ್ದೇ ಇರುತ್ತಾರೆ, ಅವರಿಗೆ ನಿಮ್ಮ ಅತ್ತೆಯ ತವರುಮನೆ ಗೊತ್ತಿದ್ದೇ ಇರುತ್ತದೆ, ಮತ್ತು ಅವರು "ಅಲ್ರೀ, ಮನಿಯೊಳಗಽ ಡಾಕ್ಟರ್ ಇಟಗೊಂಡು ಇಲ್ಲ್ಯಾಕ ಬಂದೀರಿ?" ಎಂದು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲೆಂದೇ ರಾಯರು ದಿವೇ ಘಾಟು ಹತ್ತುತ್ತಿದ್ದರು. ಅವರ ಅಳಿಯ, ಒಬ್ಬಳೇ ಮಗಳು ಮಂಜರಿಯ ಗಂಡ ಋಷಿಕೇಶ, ಪುಣೆಯದೇ ಕೊಂಢವಾದ ಒಂದು ಆಸ್ಪತ್ರೆಯಲ್ಲಿ ಇದೇ ರೋಗದ ಸರ್ಜನ್ ಆಗಿದ್ದ.

ಆದರೆ ಹೋಗುತ್ತಿರುವುದು ಆ ಕಾರಣಕ್ಕೆ ಎಂದು ಯಾರಾದರೂ ಅಂದಿದ್ದರೆ ರಾಯರು ಸಿಟ್ಟಾಗುತ್ತಿದ್ದರು. ಅವರ ಆಕ್ಷೇಪಣೆ ಅಳಿಯನ ಮೇಲಲ್ಲ, ಲೇಸರಿನ ಮೇಲೆ. ತಿಂಗಳುಗಟ್ಟಲೆ ಟೆರೇಸಿನ ಮೇಲೆ ಒಬ್ಬರೇ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮೊಬೈಲಿನಲ್ಲಿ ಹಿಂದಿ, ಮರಾಠಿ, ಇಂಗ್ಲಿಷಿನ ಡಾಕ್ಟರರೆಲ್ಲ ಹೇಳಿದ್ದನ್ನು ಕೇಳಿ ಅವರು ಒಂದು ತೀರ್ಮಾನಕ್ಕೆ ಬಂದಿದ್ದರು. ಲೇಸರಿನಲ್ಲಿ ರಕ್ತ ಕಡಿಮೆ ಹೋಗುತ್ತದೆ, ಬೇಗ ಮನೆಗೆ ಕಳಿಸುತ್ತಾರೆ, ಮೂತ್ರದ ನಳಿಗೆಯನ್ನೂ ಬೇಗ ತೆಗೆಯುತ್ತಾರೆ: ಒಪ್ಪಿಕೊಳ್ಳೋಣ. ಆದರೆ ಸುಟ್ಟು ಹಬೆ ಮಾಡಿಬಿಟ್ಟ ಮಾಂಸದಲ್ಲಿ ಏನಿತ್ತು ಏನಿರಲಿಲ್ಲ ಎಂದು ಆಮೇಲೆ ಪರೀಕ್ಷೆ ಮಾಡುವುದು ಹೇಗೆ? ತಳೇಗಾಂವದ ಕಾರಖಾನೆಯಲ್ಲಿ ಇಡೀ ಆಯುಷ್ಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕಳೆದವರು ಅವರು. ಉಕ್ಕಿನ ಕೊಳವೆಗಳ ಒಳಮೈಯನ್ನು ದೀಪ ಹಿಡಿದು ನೋಡುವುದು, ಗೇಜು ತೂರಿಸಿ ಪಾಸೋ ನಪಾಸೋ ಹೇಳುವುದು ಅವರ ಕೆಲಸವಾಗಿತ್ತು. ನಪಾಸಾದ ಮಾಲನ್ನು ತೋರಿಸದೆ ಸುಟ್ಟುಹಾಕಿದ ಎಂದರೆ ಆ ಮನುಷ್ಯನನ್ನು ಅವರು ನಂಬುತ್ತಿರಲಿಲ್ಲ. ಲೇಸರಿನಲ್ಲೂ ಮಾಂಸವನ್ನು ಸುಡದೆ ಬಿಡಿಸಿ ಹೊರಗೆ ತೆಗೆಯುವ ಬಗೆ ಇದೆ ಎಂದು ಒಬ್ಬ ಡಾಕ್ಟರು ಸ್ಪಷ್ಟವಾಗಿಯೇ ಹೇಳಿದ್ದ. ಅವನ ವೀಡಿಯೋವನ್ನು ರಾಯರು ಪೂರ್ತಿ ನೋಡಲಿಲ್ಲ. ಎರಡೂ ಪದ್ಧತಿಯಲ್ಲಿ ಹೊಟ್ಟೆ ಕೊಯ್ಯುವುದಿಲ್ಲ, ಎರಡಕ್ಕೂ ದಾರಿ ಒಂದೇ, ಹುಟ್ಟಿದಾಗ ದೇವರು ಕೊಟ್ಟ ದಾರಿ, ಎಂದು ಎಲ್ಲ ಡಾಕ್ಟರರೂ ಚಿತ್ರ ಬರೆದು ತೋರಿಸುವ ಜಾಗ ಬಂದಾಗ ಅವರು ಬೆರಳಿನಿಂದ ಮುಂದಕ್ಕೆ ಸರಿಸಿಬಿಡುತ್ತಿದ್ದರು.

ಆ ದಾರಿಯ ಮುಂದೆ ಋಷಿಕೇಶ ಕೂತಿರುವುದನ್ನು ನೆನೆದರೆ ಸಾಕು, ಕಿವಿ ಬಿಸಿಯಾಗುತ್ತಿತ್ತು. ಮದುವೆಯ ದಿನ ಹುಬ್ಬಳ್ಳಿಯ ಕಲ್ಯಾಣಮಂಟಪದಲ್ಲಿ ಆ ಹುಡುಗನನ್ನು ಮಣೆಯ ಮೇಲೆ ಕೂಡಿಸಿ, ನರ್ಮದಾಬಾಯಿ ತಂಬಿಗೆಯಿಂದ ನೀರು ಹಾಕುತ್ತಿರಲು, ರಾಯರು ಅವನ ಎರಡೂ ಪಾದ ತೊಳೆದು ಆ ನೀರನ್ನು ತಮ್ಮ ತಲೆಯ ಮೇಲೆ ಚಿಮುಕಿಸಿಕೊಂಡಿದ್ದರು. ಅಳಿಯನೆಂದರೆ ಸಾಕ್ಷಾತ್ ನಾರಾಯಣ ಎಂದು ಪುರೋಹಿತರು ಹೇಳಿದ್ದರು, ರಾಯರು ಹೌದೆಂದು ತಿಳಿದು ತೊಳೆದಿದ್ದರು. ನಾರಾಯಣನ ಎದುರಿಗೆ ಮಲಗಿ ಎರಡೂ ಕಾಲು ಮೇಲೆತ್ತಿ ಸ್ಟ್ಯಾಂಡಿಗೆ ಸಿಕ್ಕಿಸುವುದು ಯಾವ ಶಾಸ್ತ್ರದಲ್ಲಿದೆ? ಅವನ ಕೆಲಸವೇನೆಂದು ಊರಿನವರು ಕೇಳಿದಾಗ ರಾಯರು "ಕಿಡ್ನಿ ಡಾಕ್ಟರು" ಎನ್ನುತ್ತಿದ್ದರು. ಕಿಡ್ನಿಯಿಂದ ಕೆಳಗೆ ಅವರು ಎಂದೂ ಇಳಿದಿರಲಿಲ್ಲ. ಬೀಗರು ಕೂತಿದ್ದಾಗಲೇ ಒಮ್ಮೆ ಹಾಗೆ ಹೇಳಿಬಿಟ್ಟಿದ್ದರು, ಋಷಿಕೇಶ ತಲೆ ತಗ್ಗಿಸಿ ಸಾರು ಕಲಸಿಕೊಳ್ಳುತ್ತಲೇ ಇದ್ದ. ಅವನು ಏನಾದರೂ ಅಂದಿದ್ದರೆ ಚೆನ್ನಾಗಿತ್ತು ಎಂದುಕೊಂಡು ಆ ಮಾತಿಗೆ ರಾಯರು ಈಗಲೂ ನಾಚುತ್ತಿದ್ದರು.

ಮಗಳ ಮನೆಯ ಬಚ್ಚಲಿನಲ್ಲಿ ಅವರು ಮೊದಲು ನಲ್ಲಿ ತಿರುವಿ ಬಕೆಟ್ಟಿಗೆ ನೀರು ಬಿಟ್ಟು ಆಮೇಲೆ ನಿಲ್ಲುತ್ತಿದ್ದರು. ಹೊರಗೆ ಹಾಲಿನಲ್ಲಿ ಪೇಪರ್ ಓದುತ್ತಿರುವವನು ಸದ್ದಿನಿಂದಲೇ ರೋಗ ಹಿಡಿಯುವ ಮನುಷ್ಯ. ಮಾವನದು ತುಂಡುತುಂಡಾಗಿ ಬರುತ್ತದೆ, ನಿಂತು ನಿಂತು ಬರುತ್ತದೆ, ಕೊನೆಗೆ ತೊಟ್ಟಿಕ್ಕುತ್ತದೆ ಎಂದು ಅವನಿಗೆ ಗೊತ್ತಾಗಬಾರದು. ಬಕೆಟ್ಟು ತುಂಬಿ ಹರಿದು, ನೀರು ಬಚ್ಚಲ ಹೊಸ್ತಿಲು ದಾಟಿದರೂ ರಾಯರು ನಿಂತೇ ಇರುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಲ್ಲ, ಹಾಗೆ. ಮನೆಗೆ ಬಂದ ಮೇಲೆ ನರ್ಮದಾಬಾಯಿ, ಪುಣೆಯಲ್ಲಿ ನೀರಿನ ಕಡಿತ ಇರುವುದು ನಿಮ್ಮಂಥ ಮಾವಂದಿರಿಂದಲೇ ಎಂದಿದ್ದರು.

ಮೊನ್ನೆಯ ಭಾನುವಾರ ಮಾತ್ರ ಅದು ಮುಚ್ಚುಮರೆಯಿಲ್ಲದೆ ಹೊರಬಿತ್ತು. ಅಧಿಕಮಾಸ. ಅಳಿಯನಿಗೆ ಬಾಗಿನ ಕೊಡುವ ತಿಂಗಳು. ನರ್ಮದಾಬಾಯಿ ಎರಡು ದಿನ ಕೂತು ಅನಾರಸ ಎಂಬ ಅಕ್ಕಿಹಿಟ್ಟಿನ ಕಜ್ಜಾಯ ಮೂವತ್ತಮೂರು ಕರಿದಿದ್ದರು. ತಾಟಿನಲ್ಲಿ ಅದನ್ನಿಟ್ಟು, ಮೇಲೆ ದೀಪವಿಟ್ಟು, ಋಷಿಕೇಶನ ಹಣೆಗೆ ಗಂಧ ಹಚ್ಚಿ, ರಾಯರು ಇನ್ನೇನು ಸಂಕಲ್ಪ ಹೇಳಿ ತಾಟು ಎತ್ತಿ ಅವನ ಕೈಗೆ ಕೊಡಬೇಕು, ಬಂತು. ತಾಟನ್ನು ಅಲ್ಲೇ ಕೆಳಗಿಟ್ಟು, ಮಡಿಪಂಚೆಯ ಕಚ್ಚೆಯನ್ನು ಒಂದು ಕೈಯಿಂದ ಹಿಡಿದು ಓಡಿದರು. ತಿರುಗಿ ಬಂದಾಗ ದೀಪ ಆರಿತ್ತು, ಮೂವರೂ ತಾಟನ್ನೇ ನೋಡುತ್ತ ಕೂತಿದ್ದರು, ಮಂಜರಿಗೆ ನಗು ತಡೆಯಲು ಆಗುತ್ತಿರಲಿಲ್ಲ. ಊಟದ ಹೊತ್ತಿಗೆ ಋಷಿಕೇಶ, ಒಂಬತ್ತು ವರ್ಷದಲ್ಲಿ ಮೊದಲ ಸಲ, ಹೆಂಡತಿಯನ್ನೋ ಅತ್ತೆಯನ್ನೋ ನಡುವೆ ತೂರಿಸದೆ ನೇರವಾಗಿ ಮಾವನೊಡನೆ ಮಾತಾಡಿದ. ಗುಳಿಗೆಯಿಂದ ಇನ್ನು ಆಗುವುದಿಲ್ಲ, ಆಪರೇಶನ್ ಬೇಕು, ಲೇಸರ್ ಮಾಡಿಸಿಕೊಳ್ಳಿ ಎಂದ. ಲೇಸರಿನ ಗುಣಗಳನ್ನು ಒಂದೊಂದಾಗಿ ಹೇಳಿದ, ಎಂದೂ ಇಲ್ಲದ ಉತ್ಸಾಹದಿಂದ. ತನ್ನ ಅಂಗಡಿಯ ಮಾಲನ್ನು ತಾನೇ ಹೊಗಳುವ ವ್ಯಾಪಾರಿ ರಾಯರಿಗೆ ನೆನಪಾದ. ಕೊಂಢವಾದ ಆ ಆಸ್ಪತ್ರೆಯ ಎದುರಿಗೆ ಮಾರುದ್ದದ ಬೋರ್ಡಿನಲ್ಲಿ ಲೇಸರ್ ಎಂದು ಕೆಂಪಕ್ಷರ ಹೊಳೆಯುವುದನ್ನು ಅವರು ರಿಕ್ಷಾದಿಂದ ನೋಡಿದ್ದರು. "ಅಲ್ಲೇ ಇವರ ಆಸ್ಪತ್ರಿಯೊಳಗಽ ಆಗ್ತದ ಅಪ್ಪಾ, ಹೊರಗ ಹೋಗೂ ಕೆಲಸಽ ಇಲ್ಲ" ಎಂದಳು ಮಂಜರಿ. ರಾಯರು ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಲೇಸರಿನ ವಿರುದ್ಧ ತಮ್ಮ ವಾದವನ್ನು ಮೊದಲಿನಿಂದ ಕೊನೆಯತನಕ ಮಂಡಿಸಿದರು. ಹಳೆಯದೇ ವಾಸಿ, ತಂತಿಯೇ ವಾಸಿ, ಕೆತ್ತಿದ ಚೂರು ಕಣ್ಣಿಗೆ ಕಾಣುತ್ತದೆ ಎಂದರು. ಹಳೆಯದನ್ನು ಅವರು ಹೊಗಳಿದಷ್ಟೂ ಋಷಿಕೇಶನ ಮುಖ ಸಣ್ಣದಾಗುತ್ತ ಹೋಯಿತು. ಗೆದ್ದೆ ಎಂದುಕೊಂಡರು ರಾಯರು. ಕೈ ತೊಳೆಯಲು ಏಳುವಾಗ ನರ್ಮದಾಬಾಯಿ ಮಗಳಿಗೆ ಹೇಳಿದ ಮಾತು ಬೆನ್ನಿಗೆ ಕೇಳಿಸಿತು, "ಇರಲಿ ಬಿಡು. ಊರಿಗೆ ಬಂದಾಕಿ ನೀರಿಗೆ ಬರದ ಎಲ್ಲಿ ಹೋಗತಾಳ."

ಸಾಸವಡದ ದವಾಖಾನೆಯಲ್ಲಿ ಜನ ಬಹಳವಿರಲಿಲ್ಲ. ನರ್ಸ್ ಒಬ್ಬಳು ಹೆಸರು ಕೇಳಿ, ಡಾಕ್ಟರರು ಮೂತ್ರದ ಧಾರೆ ಅಳೆದು ನೋಡಬೇಕಾಗುತ್ತದೆ, ಸಾಕಷ್ಟು ನೀರು ಕುಡಿದು ತಡೆದುಕೊಂಡು ಕೂತಿರಿ ಎಂದು ಮರಾಠಿಯಲ್ಲಿ ಹೇಳಿ ದೊಡ್ಡ ಬಾಟಲಿ ಇಟ್ಟುಹೋದಳು. ಹೇಳಿದ್ದಕ್ಕಿಂತ ಹೆಚ್ಚು ಕುಡಿಯುವುದು ಶಿಸ್ತಿನ ಲಕ್ಷಣವೆಂದು ತಿಳಿದು ರಾಯರು ಬಾಟಲಿ ಪೂರ್ತಿ ಮುಗಿಸಿದರು. ಪಕ್ಕದಲ್ಲಿ ಬಿಳಿ ಟೋಪಿ ಹಾಕಿದ ಮುದುಕನೊಬ್ಬ ಕೂತಿದ್ದ, ಈ ಕಡೆಯವನೇ ಎಂದುಕೊಂಡು ರಾಯರು ನಿಶ್ಚಿಂತೆಯಿಂದ "ಶ್ರೀಹರಿ, ಸಾಕಾತಪ್ಪಾ" ಎಂದು ನಿಟ್ಟುಸಿರು ಬಿಟ್ಟರು. ಕನ್ನಡ ಕಿವಿಗೆ ಬಿದ್ದದ್ದೇ ಮುದುಕ ಪೂರ್ತಿ ತಿರುಗಿ ಕೂತ. ಅವನು ನಿಪ್ಪಾಣಿ ಕಡೆಯ ರಾಮಲಿಂಗಪ್ಪ. ಸಾಸವಡದ ಪೇಟೆಯಲ್ಲಿ ಅಂಜೂರ, ಸೀತಾಫಲದ ದಲಾಲಿ ಮಾಡುತ್ತ ಇಲ್ಲೇ ಉಳಿದವನು. ಯಾವ ಊರು, ಯಾರ ಪೈಕಿ, ಮಕ್ಕಳೆಷ್ಟು ಎಲ್ಲವನ್ನೂ ಕೇಳಿ, ತನಗೆ ಇಲ್ಲೇ ತಂತಿಯ ಆಪರೇಶನ್ ಆದದ್ದನ್ನೂ ಈಗ ಹರೆಯದವರಂತೆ ಧಾರೆ ಗೋಡೆಗೆ ಹಾರುವುದನ್ನೂ ದೊಡ್ಡ ದನಿಯಲ್ಲಿ ವರ್ಣಿಸಿದ. ಅಳಿಯ ಏನು ಮಾಡುತ್ತಾರೆ ಎಂದ. ರಾಯರು, ಕಿಡ್ನಿ ಎನ್ನಲು ಬಾಯಿ ತೆರೆದವರು, ಇವನು ಕಿಡ್ನಿಯ ಬಗ್ಗೆಯೂ ಕೇಳಿಯಾನೆಂದು ಹೆದರಿ, ಬ್ಯಾಂಕು ಎಂದುಬಿಟ್ಟರು.

ಒತ್ತಡ ಏರತೊಡಗಿದಾಗ ಅವರಿಗೆ ಸಮಾಧಾನವೇ ಆಯಿತು, ಇವತ್ತು ಧಾರೆ ಚೆನ್ನಾಗಿ ತೋರಿಸಬಹುದೆಂದು. ಕರೆದಾಗ ಎದ್ದು ಹೋಗಿ ಧಾರೆ ಅಳೆಯುವ ಯಂತ್ರದ ಮುಂದೆ ನಿಂತರು. ಬರಲಿಲ್ಲ. ಕಣ್ಣು ಮುಚ್ಚಿದರು, ಹೊಳೆಗಳ ಹೆಸರು ಹೇಳಿಕೊಂಡರು, ಮಲಪ್ರಭಾ, ಘಟಪ್ರಭಾ, ಭೀಮಾ. ಒಂದು ತೊಟ್ಟೂ ಇಲ್ಲ. ನರ್ಸ್ ಹೊರಗಿನಿಂದ ಬಾಗಿಲು ತಟ್ಟಿ ಆಯಿತೇ ಅಜ್ಜಾ ಎಂದಳು. ಬೆಳಿಗ್ಗೆ ನುಂಗಿದ ನೆಗಡಿಯ ಗುಳಿಗೆ ಇಂಥವರಿಗೆ ಒಳಗಿನ ಬಾಗಿಲನ್ನು ಬಿಗಿದುಬಿಡುತ್ತದೆಂದು ಆಮೇಲೆ ಡಾಕ್ಟರರು ಹೇಳಿದರು. ಆಗ ರಾಯರಿಗೆ ಗೊತ್ತಿದ್ದದ್ದು ನೋವು ಮಾತ್ರ. ಹೊರಗೆ ಬಂದು ಬೆಂಚಿನ ತುದಿ ಹಿಡಿದು ಅರ್ಧ ಬಾಗಿ ನಿಂತರು. ಹೊಟ್ಟೆಯ ಕೆಳಗೆ ಕಲ್ಲಿನಂಥದ್ದು ಎದ್ದಿತ್ತು. ಬೆವರು ಕಣ್ಣಿಗಿಳಿಯಿತು, ಬಾಯಿಯಿಂದ ಅವ್ವಾ ಎಂದು ಹೊರಟಿತು. ಸಂಗಡ ಯಾರು ಬಂದಿದ್ದಾರೆ ಎಂದು ನರ್ಸ್ ಗಾಬರಿಯಿಂದ ಕೇಳಿದಳು. ಯಾರೂ ಇಲ್ಲ ಎಂದು ಹೇಳುವಷ್ಟರಲ್ಲಿ ರಾಮಲಿಂಗಪ್ಪ ಅವರ ಅಂಗಿಯ ಜೇಬಿನಿಂದ ಮೊಬೈಲು ಎಳೆದು, ಅವರದೇ ಬೆರಳು ಹಿಡಿದು ಒತ್ತಿಸಿ ಅದನ್ನು ತೆರೆದು, ಮೊದಲು ಕಂಡ ಹೆಸರಿಗೆ ಹಚ್ಚಿದ್ದ. "ಮಂಜರಿ ಅನ್ನಾಕಿ ನೀ ಏನವ್ವಾ? ನಿಮ್ಮಪ್ಪಾರಿಗೆ ಉಚ್ಚಿ ಕಟ್ಟೇದ ನೋಡು, ಸಾಸವಡದಾಗ, ಜಗತಾಪ ಡಾಕ್ಟರ ಕಡೆ. ಬ್ಯಾಂಕಿನ ಅಳಿಯನ್ನ ಕಳಸು." ಸುತ್ತ ಕೂತಿದ್ದ ಮರಾಠಿಗರಿಗೆ ಕನ್ನಡ ಬರುವುದಿಲ್ಲ ಎಂಬುದೊಂದೇ ರಾಯರಿಗೆ ಆ ಹೊತ್ತಿಗೆ ಉಳಿದ ಮಾನ.

ಮಂಚದ ಮೇಲೆ ಮಲಗಿಸಿ ಪಂಚೆ ಬಿಚ್ಚಿದಾಗ ಅವರಿಗೆ ನಾಚಿಕೆಯಾಗಲಿಲ್ಲ. ನಾಚುವುದಕ್ಕೂ ಒಂದಿಷ್ಟು ಬಿಡುವು ಬೇಕು, ಅದಿರಲಿಲ್ಲ. ಕೃಷ್ಣಾಜಿ ಡಾಕ್ಟರರು ಎತ್ತರದ, ಬಾಗಿದ ಬೆನ್ನಿನ ಮುದುಕ. ಏನನ್ನೋ ಹಗುರವಾಗಿ ಗುನುಗುತ್ತ ತಣ್ಣಗಿನ ಔಷಧ ಹಚ್ಚಿ ರಬ್ಬರಿನ ನಳಿಗೆಯನ್ನು ತೂರಿಸಿದರು. ಒಂದು ಕ್ಷಣ ಉರಿ. ಆಮೇಲೆ ಚೀಲಕ್ಕೆ ಧೋ ಎಂದು ಸುರಿಯುವ ಸದ್ದು. ರಾಯರ ಕಣ್ಣಿನಿಂದಲೂ ನೀರು ಹರಿಯಿತು. ಮದುವೆ, ಮಗಳ ಜನನ, ಕಾಶಿಯಾತ್ರೆ, ಯಾವುದರಲ್ಲೂ ಇಂಥ ಸುಖ ಅವರಿಗೆ ಸಿಕ್ಕಿರಲಿಲ್ಲ. ಮುಗಿಯಿತು ಎನ್ನುವುದು ಹೀಗಿರುತ್ತದೆ ಎಂಬುದನ್ನು ಅವರು ಮರೆತೇಬಿಟ್ಟಿದ್ದರು. ಈ ಮುದುಕನ ಕೈಯನ್ನು ಕಣ್ಣಿಗೊತ್ತಿಕೊಳ್ಳಬೇಕೆನ್ನಿಸಿತು. ಅನ್ನಿಸಿದ ಭರದಲ್ಲೇ ನಾಲಿಗೆ ಸಡಿಲವಾಗಿ, ತಮಗೆ ಲೇಸರ್ ಬೇಡ, ತಂತಿಯೇ ಬೇಕು, ಅದಕ್ಕೆಂದೇ ಘಾಟು ಹತ್ತಿ ಬಂದಿದ್ದೇನೆ ಎಂದು ಮರಾಠಿಯಲ್ಲಿ ವಾದ ಶುರುಮಾಡಿದರು.

ಡಾಕ್ಟರರು ಪರೀಕ್ಷೆಯ ಲಕೋಟೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರು. ನಿಮ್ಮದು ಅಂಥ ದೊಡ್ಡದೇನಲ್ಲ, ಈ ಅಳತೆಗೆ ಎರಡೂ ಒಂದೇ ಎಂದರು. ಲೇಸರಿನಲ್ಲಿ ರಕ್ತ ಕಡಿಮೆ, ಹೃದಯದವರಿಗೆ, ರಕ್ತ ತೆಳು ಮಾಡುವ ಗುಳಿಗೆ ತಿನ್ನುವವರಿಗೆ ಅದೇ ಒಳ್ಳೆಯದು. ಉಳಿದವರಿಗೆ ಯಂತ್ರಕ್ಕಿಂತ ಅದನ್ನು ಹಿಡಿದ ಕೈ ಮುಖ್ಯ. ಹೀಗೆನ್ನುತ್ತ ತಮ್ಮ ಬಲಗೈಯನ್ನು ರಾಯರ ಮುಂದೆ ಚಾಚಿದರು. ಬೆರಳುಗಳು ಗಾಳಿಗೆ ಸಿಕ್ಕಂತೆ ಸಣ್ಣಗೆ ನಡುಗುತ್ತಿದ್ದವು. ನಳಿಗೆ ಹಾಕಲು ಸಾಕು, ಕೆತ್ತಲು ಸಾಲದು, ಆಪರೇಶನ್ ಬಿಟ್ಟು ವರ್ಷವಾಯಿತು ಎಂದರು. ತಂತಿಯೇ ಬೇಕೆಂದರೆ ಕೊಂಢವಾಕ್ಕೆ ಹೋಗಿ, ಅಲ್ಲಿ ಡಾಕ್ಟರ್ ಋಷಿಕೇಶ ಕಟ್ಟಿ ಎಂದು ಒಬ್ಬನಿದ್ದಾನೆ, ಮೊದಲಿಗೆ ಇಲ್ಲೇ ಬಂದು ನನ್ನ ಹತ್ತಿರ ಕೈ ಪಳಗಿಸಿಕೊಂಡ ಹುಡುಗ, ನಿಮ್ಮವನೇ, ಕಾನಡಿ. ಆ ಆಸ್ಪತ್ರೆಯಲ್ಲಿ ಲೇಸರ್ ಮಾಡುವವರು ಬೇರೆ, ಅವನು ಅದನ್ನು ಮುಟ್ಟುವುದಿಲ್ಲ, ಜೊತೆಯವರೆಲ್ಲ ಹಳೇ ಕಾಲದವನು ಎಂದು ಅವನನ್ನು ನೋಡಿ ನಗುತ್ತಾರೆ. ಆದರೆ ತಂತಿಯಲ್ಲಿ ಇವತ್ತು ಅವನಷ್ಟು ಚೊಕ್ಕ ಕೈ ನನಗೆ ಗೊತ್ತಿಲ್ಲ. ಇಷ್ಟು ಹೇಳಿ ಅವರು ಮುಂದಿನ ರೋಗಿಯನ್ನು ನೋಡಲು ಹೋದರು.

ರಾಯರು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತ ಮಲಗಿದರು. ಒಂಬತ್ತು ವರ್ಷ ಅಳಿಯನೆಂದು ಮರ್ಯಾದೆ ಮಾಡಿದ್ದೇ ಮಾಡಿದ್ದು; ನೀವು ದಿನವೂ ಏನು ಕೆಲಸ ಮಾಡುತ್ತೀರಿ, ಹೇಗೆ ಮಾಡುತ್ತೀರಿ ಎಂದು ಒಂದು ದಿನ ಕೇಳಿದ್ದರೆ ಇದು ಗೊತ್ತಾಗುತ್ತಿತ್ತು. ಅಳಿಯನನ್ನು ಹಾಗೆಲ್ಲ ಕೇಳಬಾರದು. ಕೇಳದೆ, ಅಳಿಯನಿಲ್ಲದ ಲೇಸರನ್ನು ಬೈದು, ಅಳಿಯನೊಬ್ಬನೇ ಇರುವ ತಂತಿಯನ್ನು ಹೊಗಳಿ, ತಮ್ಮ ಜಾಣತನದಿಂದಲೇ ತಾವು ಇಲ್ಲಿ ಬಂದು ಬಿದ್ದಿದ್ದರು. ಲೇಸರ್ ಆಗಲಿ ಎಂದು ಭಾನುವಾರವೇ ತಲೆಯಾಡಿಸಿದ್ದರೆ ಯಾರೋ ಪರಕೀಯ ಡಾಕ್ಟರು, ಹೆಸರೂ ನೆನಪಿರದವನು, ಮಾಡಿ ಮುಗಿಸುತ್ತಿದ್ದ. ಇದಕ್ಕೆ ನಗಬಹುದಾಗಿತ್ತು, ರಾಯರಿಗೆ ನಗು ಬಂದೂ ಬಂತು. ಆದರೆ ಅದರ ಹಿಂದೆಯೇ ಇನ್ನೊಂದು ವಿಚಾರ ನಿಧಾನವಾಗಿ ಬಂದು ಎದೆಯ ಮೇಲೆ ಕೂತಿತು. ಹಾಗಾದರೆ ಅವನು ಲೇಸರನ್ನು ಅಷ್ಟು ಹೊಗಳಿದ್ದು ಯಾಕೆ? ತನಗೆ ಬಾರದ್ದನ್ನು, ತಾನು ಮುಟ್ಟದ್ದನ್ನು? ಊರಿನ ಮುದುಕರನ್ನೆಲ್ಲ ಕೆತ್ತಿದ ಕೈಗೆ ನಾನೊಬ್ಬ ಬೇಡವಾದೆನೇ. ಇಷ್ಟು ದಿನ ಅವನಿಂದ ತಾವು ಓಡುತ್ತಿದ್ದದ್ದು ಸರಿಯೆನ್ನಿಸಿತ್ತು. ಅವನೂ ತಮ್ಮಿಂದ ಓಡುತ್ತಿದ್ದ ಎಂದು ತಿಳಿದಾಗ ರಾಯರಿಗೆ ಅಳು ಬರುವಷ್ಟು ನೋವಾಯಿತು. ತಪ್ಪಿಸಿಕೊಳ್ಳುವ ಹಕ್ಕು ಮಾವನಿಗಿದೆ, ಅಳಿಯನಿಗೆಲ್ಲಿಂದ ಬಂತು ಎಂದು ಒಳಗೊಳಗೇ ಜಗಳವಾಡಿದರು.

ಋಷಿಕೇಶ ಕೊಂಢವಾದಿಂದ ಬೋಪದೇವ ಘಾಟು ಹತ್ತಿ ಬಂದಿದ್ದ. ಒಳಗೆ ಬಂದವನು ಮೊದಲು ಮಾವನ ಮುಖ ನೋಡಲಿಲ್ಲ. ಅಭ್ಯಾಸಬಲದಿಂದ ಬಗ್ಗಿ, ಮಂಚದ ಕಂಬಿಗೆ ತೂಗುಹಾಕಿದ್ದ ಚೀಲ ನೋಡಿದ, ಬಣ್ಣ ನೋಡಿದ, ನಳಿಗೆ ಎಲ್ಲಾದರೂ ಮಡಿಚಿದೆಯೇ ಎಂದು ಬೆರಳಾಡಿಸಿದ. ರಾಯರು ಚಾದರವನ್ನು ಎದೆಯತನಕ ಎಳೆದುಕೊಂಡರು. ಆಗ ಅವನಿಗೆ ತಾನೆಲ್ಲಿದ್ದೇನೆಂದು ನೆನಪಾದಂತೆ ಕೈ ಹಿಂದಕ್ಕೆ ತೆಗೆದು ಗೋಡೆಯ ಹತ್ತಿರ ನಿಂತ. ಮಂಜರಿ, ಅತ್ತೆ ಇಬ್ಬರಿಗೂ ಫೋನ್ ಮಾಡಿ ಗಾಬರಿಯಿಲ್ಲವೆಂದು ಹೇಳಿದ್ದೇನೆ, ಕಾರಿನಲ್ಲಿ ನಿಧಾನ ಹೋಗೋಣ, ನಮ್ಮಲ್ಲಿ ಲೇಸರ್ ಮಾಡುವ ಡಾಕ್ಟರರಿಗೂ ಹೇಳಿದ್ದೇನೆ ಎಂದ. ಎಲ್ಲವನ್ನೂ ಕಿಟಕಿಗೆ ಹೇಳುತ್ತಿದ್ದ.

"ನಿಮಗ ನಾ ಬ್ಯಾಡಾದೆ ಏನ್ರಿ?" ಎಂದರು ರಾಯರು.

ಹಾಗೆ ಕೇಳುತ್ತೇನೆಂದು ಅವರೇ ತಿಳಿದಿರಲಿಲ್ಲ. ಹೊರಗೆ ರಾಮಲಿಂಗಪ್ಪ ಯಾರಿಗೋ ಮರಾಠಿಯಲ್ಲಿ ಇವರ ಕಥೆಯನ್ನೇ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು.

"ನಮ್ಮ ಅಪ್ಪಾರದ್ದು ನಾನಽ ಮಾಡಿದ್ದೆರಿ, ಮಾವನವರ" ಎಂದ ಋಷಿಕೇಶ. "ಭಾಳ ಚಲೋ ಆಗಿತ್ತು. ಒಂದು ತ್ರಾಸ ಉಳೀಲಿಲ್ಲ. ಆದ್ರ ಅವತ್ತಿನಿಂದ ಅವರು ನನ್ನ ಮಾರಿ ನೋಡಿ ಮಾತಾಡಲಿಲ್ರಿ. ನಾ ಒಳಗ ಬಂದ್ರ ಪೇಪರ್ ಮುಂದ ಹಿಡೀತಿದ್ರು. ಕಡೀತನಾ ಹಂಗಽ ಇದ್ದು ಹೋದ್ರು."

ಬೆಳಗಾವಿಯ ಆ ಮನೆ ರಾಯರಿಗೆ ಕಣ್ಣಿಗೆ ಕಟ್ಟಿತು. ಬೀಗರಾದ ಮಧ್ವೇಶರಾಯರು ಹೊರಗಿನ ಕೋಣೆಯ ಆರಾಮಕುರ್ಚಿಯಲ್ಲಿ ಕೂತು, ಮಗ ಬಂದೊಡನೆ ಪೇಪರನ್ನು ಮುಖಕ್ಕೆ ಎತ್ತಿದ್ದನ್ನು ಅವರು ಕಣ್ಣಾರೆ ನೋಡಿದ್ದರು. ದೊಡ್ಡ ಡಾಕ್ಟರಾದ ಮಗನ ಎದುರಿಗೂ ಎಂಥ ಗಾಂಭೀರ್ಯ ಎಂದು ಮೆಚ್ಚಿದ್ದರು. ಹಿರಿಯರೆಂದರೆ ಹೀಗಿರಬೇಕು ಎಂದು ಹೆಂಡತಿಗೆ ಹೇಳಿದ್ದರು, ಅಳಿಯ ಬಂದಾಗ ತಾವೂ ಹಾಗೆಯೇ ಕೂಡುವುದನ್ನು ರೂಢಿ ಮಾಡಿಕೊಂಡಿದ್ದರು. ಪೇಪರಿನ ಈ ಕಡೆ ನಿಂತಿದ್ದವನಿಗೆ ಏನಾಗುತ್ತಿತ್ತೆಂದು ಅವರಿಗೆ ಹೊಳೆದೇ ಇರಲಿಲ್ಲ. ಈಗ ಹೊಳೆದು, ಆ ಮನುಷ್ಯ ಸತ್ತ ಮೇಲೆ ಅವನ ಜಾಗದಲ್ಲಿ ತಾವು ಕೂತು ಅವನು ಮಾಡಿದ್ದನ್ನೇ ಮುಂದುವರಿಸಿದ್ದಕ್ಕೆ ಅವರಿಗೆ ತಮ್ಮ ಮೇಲೆ ಹೇಸಿಗೆಯಾಯಿತು.

"ಲೇಸರ್ ಮಾಡಿಸಿಕೊಳ್ರಿ" ಎಂದ ಋಷಿಕೇಶ, ಮೆಲ್ಲಗೆ. "ಅವರೂ ಚಲೋ ಮಾಡತಾರ. ರಕ್ತ ಕಡಿಮಿ ಹೋಗತದ. ಪೈಪ್ ಲಗೂ ತಗೀತಾರ."

ಭಾನುವಾರ ಹೇಳಿದ್ದೇ ಮಾತುಗಳು. ಅವತ್ತು ಮಾಲು ಮಾರುವವನ ದನಿಯೆನ್ನಿಸಿದ್ದು ಇವತ್ತು ಬೇಡಿಕೊಳ್ಳುವವನ ದನಿಯಾಗಿ ಕೇಳಿಸಿತು. ಲೇಸರಿನ ವಿರುದ್ಧ ರಾಯರ ಹತ್ತಿರ ಅಷ್ಟೊಂದು ವಾದಗಳಿದ್ದವು. ಈಗ ಹುಡುಕಿದರೆ ಒಂದೂ ಸಿಗಲಿಲ್ಲ. ಲೇಸರಿಗೆ ಹೂಂ ಅಂದರೆ ಸಾಕು, ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಮುಂದಿನ ಅಧಿಕಮಾಸಕ್ಕೆ ಮತ್ತೆ ತಾಟು ಹಿಡಿದು ಹೋಗಬಹುದು, ಅವನು ನಾರಾಯಣನಾಗಿ ಮಣೆಯ ಮೇಲೆ ಕೂತಿರಬಹುದು, ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಸುಖವಾಗಿ ಇರಬಹುದು. ಹೂಂ ಎನ್ನಲು ಅವರು ಬಾಯಿ ತೆರೆದರು.

"ಲೇಸರ್ ಬ್ಯಾಡ. ನೀವಽ ಮಾಡ್ರಿ" ಎಂದರು. "ನಾ ಆಮ್ಯಾಲೂ ನಿಮ್ಮ ಜೋಡಿ ಮಾತಾಡತೀನಿ."

ಮಾತು ಸರಿಯಾಗಿ ಮುಟ್ಟಿತೋ ಇಲ್ಲವೋ ಎಂದು ಕಾದ ರಾಯರಿಗೆ ತಾವು ಅದನ್ನು ಗೋಡೆಯ ಮೇಲಿನ ಔಷಧ ಕಂಪನಿಯ ಕ್ಯಾಲೆಂಡರಿಗೆ ಹೇಳಿದ್ದೆಂದು ಗೊತ್ತಾಯಿತು.

"ಈ ಕಡೆ ನೋಡಿ ಹೇಳ್ರಿ, ಮಾವನವರ" ಎಂದ ಋಷಿಕೇಶ.

ಕತ್ತನ್ನು ಅಷ್ಟು ದೂರ ಹೊರಳಿಸಲು ರಾಯರಿಗೆ ಬಹಳ ಹೊತ್ತು ಹಿಡಿಯಿತು. ಹೊರಳಿಸಿ, ಅವನನ್ನು ನೋಡಿ, ಇನ್ನೊಮ್ಮೆ ಹೇಳಿದರು.